ಡೊಮೇನ್ ನಾಮಗಳ ಸ್ವತ್ವವಿಚಾರ

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ನಿತ್ಯವೋ, ಜನರು ಮಾಡಿಕೊಂಡ ಸಂಕೇತವೋ ಎಂಬ ವಿಷಯದಲ್ಲಿ ಮೀಮಾಂಸಕರಿಗೂ ನೈಯಾಯಿಕರಿಗೂ ಬಹುಕಾಲದ ವಾದವಿರುವುದು ವಾಚಕರಿಗೆ ವಿದಿತವೇ ಆಗಿದೆ. ಆ ವಾದವನ್ನು ಇಲ್ಲಿ ಎತ್ತುವ ಉದ್ದೇಶವಿಲ್ಲ. ಆದರೆ ನಮ್ಮ ಕಾಲದಲ್ಲಿ ಹೊಸದೊಂದು ಜಾತಿಯ ನಾಮಗಳು ಹುಟ್ಟಿಕೊಂಡಿವೆ. ಅವುಗಳ ವಿಷಯದಲ್ಲಿ ಜೈಮಿನಿಯ ಮತಾನುಯಾಯಿಗಳೂ ಸಂಕೇತಪಕ್ಷಕ್ಕೆ ಸಮ್ಮತಿಸಲೇಬೇಕಾದೀತು. ಬರಿಯ ಸಂಕೇತವೆಂದರೂ ಸಾಲದು. ವರ್ಷಾವಧಿಯ ಸಂಕೇತ, ಶುಲ್ಕವನ್ನು ಸಲ್ಲಿಸದಿದ್ದರೆ ಕಡಿದುಹೋಗುವ ಸಂಕೇತ. ಇಂಟರ್ನೆಟ್ಟಿನಲ್ಲಿ ಡೊಮೇನ್ ನಾಮಗಳೆಂದು ಕರೆಯಿಸಿಕೊಳ್ಳುವುವು ಈ ಜಾತಿಯವು.

ಇಂಟರ್ನೆಟ್ಟಿಗೆ ಸೇರಿದ ಪ್ರತಿಯೊಂದು ಕಂಪ್ಯೂಟರಿಗೂ ಅಂಕಗಳ ಒಂದು ವಿಳಾಸವುಂಟು. ಅಂಕಗಳನ್ನು ಮನುಷ್ಯನು ನೆನಪಿನಲ್ಲಿಡಲಾರನು; ನಾಮವನ್ನು ಇಡಬಲ್ಲನು. ಆದುದರಿಂದ ಅಂಕದ ವಿಳಾಸಕ್ಕೆ ಬದಲಾಗಿ ಒಂದು ನಾಮವನ್ನು ನಿಲ್ಲಿಸಿ, ಯಾವ ನಾಮವು ಯಾವ ಅಂಕವನ್ನು ಸೂಚಿಸುತ್ತದೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ನಾವು ಬ್ಯಾಂಕಿನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಫೋನಿನಲ್ಲಿ ಬರೆದಾಗಲೆಲ್ಲ ಆ ಪುಸ್ತಕವನ್ನು ನಮಗೆ ಕಾಣದಂತೆ ಯಾರೋ ತಿರುವಿ ನೋಡುತ್ತಿರುತ್ತಾರೆ. ಆ ನಾಮವು ಯಾರದು? ಅದನ್ನು ಕೊಂಡವನು ಒಡೆಯನೋ, ಗೇಣಿದಾರನೋ? ಕದ್ದವನಿಂದ ಅದನ್ನು ಮರಳಿ ಪಡೆಯಬಹುದೋ? ಈ ಪ್ರಶ್ನೆಗಳು ಕೇವಲ ವ್ಯಾಪಾರಿಗಳ ಪ್ರಶ್ನೆಗಳಲ್ಲ. ಇಂದು ನಮ್ಮ ಗ್ರಂಥಾಲಯ, ದೇವಸ್ಥಾನ, ಸಂಘಗಳೂ ನಾಮಗಳನ್ನು ಹೊಂದಿವೆ.

ಜಮೀನಿನ ವಿಷಯದಲ್ಲಿ ಖಾತೆಯೇ ಹಕ್ಕಲ್ಲವೆಂಬ ಮಾತು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರತಕ್ಕದ್ದು. ಶಾನುಭೋಗನ ಪುಸ್ತಕದಲ್ಲಿ ಯಾರ ಹೆಸರಿದ್ದರೂ, ಹಕ್ಕು ಕ್ರಯಪತ್ರದಿಂದಲೋ ವಿಭಾಗಪತ್ರದಿಂದಲೋ ಸಿದ್ಧವಾಗಬೇಕು. ಪುಸ್ತಕವೇ ಸುಟ್ಟುಹೋದರೂ ಹೊಲವು ಇದ್ದಲ್ಲಿಯೇ ಇರುವುದು. ಬದುವಿನ ಮೇಲೆ ನಿಂತು ನೆರೆಯವನು ಸಾಕ್ಷಿ ಹೇಳಬಹುದು. ಡೊಮೇನ್ ನಾಮವಾದರೋ ಪುಸ್ತಕದೊಳಗಿನ ಬರೆಹವೇ ಹೊರತು ಬೇರೊಂದು ವಸ್ತುವಲ್ಲ. ಬರೆಹವನ್ನು ಅಳಿಸಿದರೆ ಹೊಲವೂ ಇಲ್ಲ, ಬದುವೂ ಇಲ್ಲ. ಆದುದರಿಂದ ಈ ನಾಮಗಳ ಚರಿತ್ರೆಯೆಂಬುದು ವಸ್ತುತಃ ಪುಸ್ತಕವಿಟ್ಟವರ ಚರಿತ್ರೆಯಾಗಿರುವುದು.

ಮೊದಲನೆಯ ಪುಸ್ತಕವು ಬಹಳ ಚಿಕ್ಕದು. 1969ರಲ್ಲಿ ಅಮೆರಿಕಾ ದೇಶದ ರಕ್ಷಣಾ ಇಲಾಖೆಯ ಹಣದಿಂದ ಆರ್ಪಾನೆಟ್ ಎಂಬ ಜಾಲವು ಪ್ರಾರಂಭವಾಯಿತು. ಅದಕ್ಕೆ ಸೇರಿದ ಕಂಪ್ಯೂಟರುಗಳ ನಾಮಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದು, ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್ ಎಂಬ ಊರಿನ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಇಟ್ಟಿದ್ದರು. ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯು ಆ ಕಾರ್ಯಾಲಯದ ಮುಖ್ಯಸ್ಥೆಯಾಗಿದ್ದಳು. ಹೊಸ ಕಂಪ್ಯೂಟರು ಬಂದರೆ ಆಕೆಯ ಕಾರ್ಯಾಲಯಕ್ಕೆ ತಿಳಿಸಬೇಕು; ಅವರು ಪಟ್ಟಿಯಲ್ಲಿ ಒಂದು ಸಾಲನ್ನು ಸೇರಿಸುವರು; ಮಿಕ್ಕವರೆಲ್ಲರೂ ಆಗಾಗ ಆ ಪಟ್ಟಿಯ ಪ್ರತಿಯನ್ನು ತರಿಸಿಕೊಳ್ಳುವರು. ಊರಿಗೊಬ್ಬ ಶಾನುಭೋಗನಿದ್ದಂತೆ ಲೋಕಕ್ಕೆಲ್ಲ ಒಂದೇ ಕಚೇರಿ. ಕಂಪ್ಯೂಟರುಗಳು ನೂರಾರು ಆದಾಗ ಈ ಕ್ರಮವು ನಡೆಯದೆ ಹೋಯಿತು. ಪ್ರತಿ ತರಿಸಿಕೊಳ್ಳುವುದರೊಳಗೆ ಪಟ್ಟಿಯು ಹಳತಾಗುತ್ತಿದ್ದಿತು. ಒಂದೇ ನಾಮವನ್ನು ಇಬ್ಬರು ಇಟ್ಟುಕೊಳ್ಳದಂತೆ ನೋಡಿಕೊಳ್ಳುವುದೂ ಕಷ್ಟವಾಯಿತು.

1983ರ ನವೆಂಬರಿನಲ್ಲಿ ಪಾಲ್ ಮೋಕಪೆಟ್ರಿಸ್ ಎಂಬ ವಿದ್ವಾಂಸನು ಇದಕ್ಕೊಂದು ಪರಿಹಾರವನ್ನು ಪ್ರಕಟಿಸಿದನು. ಪುಸ್ತಕವನ್ನು ಒಬ್ಬನೇ ಇಡಬೇಕಾಗಿಲ್ಲ. ಮರದ ಬುಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ ಹೊರಡುವಂತೆ ಅಧಿಕಾರವನ್ನು ಹಂಚಿದರೆ ಸಾಕು ಎಂಬುದು ಅದರ ಸಾರ. ಬುಡದ ಪುಸ್ತಕದಲ್ಲಿ .ಕಾಂ ಎಂಬ ಪುಸ್ತಕವು ಯಾರ ಹತ್ತಿರವಿದೆ ಎಂಬುದನ್ನು ಮಾತ್ರ ಬರೆದಿರುತ್ತದೆ; .ಕಾಂ ಪುಸ್ತಕದಲ್ಲಿ ಅದರೊಳಗಿನ ಒಂದೊಂದು ನಾಮದ ವಿವರವನ್ನು ಯಾರಲ್ಲಿ ಕೇಳಬೇಕೆಂಬುದು. ಅವನಲ್ಲಿ ಕೇಳಿದರೆ ಅಂಕದ ವಿಳಾಸ. ನಾಮವನ್ನು ನಾವು ಎಡದಿಂದ ಬಲಕ್ಕೆ ಓದಿದರೂ ಯಂತ್ರವು ಬಲದಿಂದ ಎಡಕ್ಕೆ ವಿಚಾರಿಸುತ್ತ ಹೋಗುವುದು. ಗೋತ್ರ, ಮನೆತನ, ವ್ಯಕ್ತಿ ಎಂಬ ಕ್ರಮದಲ್ಲಿ ಪುರೋಹಿತನು ಕೇಳುವಂತೆ. ಈ ಏರ್ಪಾಡು ನಲವತ್ತು ವರ್ಷಗಳಾಚೆಗೂ ತನ್ನ ಮೂಲಸ್ವರೂಪದಲ್ಲಿಯೇ ನಡೆಯುತ್ತಿರುವುದು. ಮುಂದಿನ ವರ್ಷ, 1984ರ ಅಕ್ಟೋಬರಿನಲ್ಲಿ, ವ್ಯಾಪಾರಕ್ಕೆ .ಕಾಂ, ವಿದ್ಯಾಸಂಸ್ಥೆಗಳಿಗೆ .ಎಜು, ಸರಕಾರಕ್ಕೆ .ಗವ್, ಸೇನೆಗೆ .ಮಿಲ್, ಇತರ ಸಂಸ್ಥೆಗಳಿಗೆ .ಆರ್ಗ್ ಎಂಬ ದೊಡ್ಡ ಕೊಂಬೆಗಳನ್ನು ಗೊತ್ತುಮಾಡಿದರು. ದೇಶದೇಶಗಳಿಗೆ ಎರಡಕ್ಷರದ ಕೊಂಬೆಗಳನ್ನೂ ವಿಧಿಸಿದರು. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪ್ಯೂಟರು ಕಂಪೆನಿಯು .ಕಾಂ ಪುಸ್ತಕದ ಮೊದಲನೆಯ ನಾಮವನ್ನು ನೋಂದಿಸಿತು. ಆ ಕಂಪೆನಿಯ ವೈಭವವು ಮುಗಿದ ಮೇಲೆ ನಾಮ ಮಾತ್ರ ಉಳಿದು, 2009ರಲ್ಲಿ ಬೇರೆಯವರಿಗೆ ಮಾರಾಟವಾಯಿತು. ದೇಹವು ಹೋದರೂ ನಾಮಕ್ಕೆ ಬೆಲೆಯಿರುವ ಲೋಕವಿದು.

ಈ ವ್ಯವಸ್ಥೆಯ ಬುಡದಲ್ಲಿ ಕುಳಿತು ಪುಸ್ತಕವನ್ನು ಕಾಯುತ್ತಿದ್ದವನು ಜಾನ್ ಪೋಸ್ಟೆಲ್. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧನ ಮಂದಿರವೊಂದರಲ್ಲಿದ್ದ ಈತನು ನೀಳವಾದ ಗಡ್ಡವನ್ನು ಬಿಟ್ಟು, ಪ್ರಾಯಶಃ ಚಪ್ಪಲಿಯಲ್ಲಿಯೇ ಓಡಾಡುತ್ತಿದ್ದನಂತೆ. ಚಿತ್ರಗಳನ್ನು ನೋಡಿದರೆ ನಮ್ಮ ಕಡೆಯ ಯಾವುದೋ ಮಠದ ಸಾಧುವೆಂದು ತೋರುವುದು. 1994ರ ಮಾರ್ಚಿನಲ್ಲಿ ಈತನು ಬರೆದ ಒಂದು ನಿಬಂಧದಲ್ಲಿ, ನಾಮಗಳನ್ನು ಕುರಿತು ಹಕ್ಕು, ಒಡೆತನ ಎಂದು ವಾದಿಸುವುದು ತಕ್ಕುದಲ್ಲ. ಹೊಣೆ, ಸೇವೆ ಎಂದು ಯೋಚಿಸುವುದೇ ತಕ್ಕುದು ಎಂಬ ಅಭಿಪ್ರಾಯವಿದೆ. ದೇಶಗಳ ಕೊಂಬೆಗಳನ್ನು ನೋಡಿಕೊಳ್ಳುವವರು ಧರ್ಮದರ್ಶಿಗಳೆಂಬುದು ಆತನ ಭಾವನೆ. ನಮ್ಮ ಶಾಸ್ತ್ರಭಾಷೆಯಲ್ಲಿ ಹೇಳುವುದಾದರೆ ಆತನಿಗೆ ನಾಮವು ನಿಕ್ಷೇಪ, ಎಂದರೆ ನಂಬಿಕೆಯ ಮೇಲೆ ಇರಿಸಲ್ಪಟ್ಟ ಒತ್ತೆ, ಸ್ವತ್ತಲ್ಲ. ಅದು ಉದಾತ್ತವಾದ ಮಾತೇ ಸರಿ. ಆದರೆ ಅದನ್ನು ಬರೆದ ವರ್ಷದಲ್ಲಿಯೇ ಪೇಟೆಯು ಬಾಗಿಲಿಗೆ ಬಂದು ನಿಂತಿದ್ದಿತು.

ಹೇಗೆಂದರೆ, 1993ರ ಆದಿಯಿಂದ .ಕಾಂ ಮೊದಲಾದ ಪುಸ್ತಕಗಳ ನೋಂದಣಿಯನ್ನು ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಕಂಪೆನಿಗೆ ಅಮೆರಿಕಾದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ವಹಿಸಿಕೊಟ್ಟಿದ್ದಿತು. ನೋಂದಣಿಗೆ ಆಗ ಶುಲ್ಕವಿರಲಿಲ್ಲ. ಕೇಳಿದವನಿಗೆ, ಮೊದಲು ಕೇಳಿದವನಿಗೆ, ನಾಮವು ದೊರೆಯುತ್ತಿದ್ದಿತು. 1994ರಲ್ಲಿ ಜೋಶುವಾ ಕ್ವಿಟ್ನರ್ ಎಂಬ ಪತ್ರಿಕಾಲೇಖಕನು ಮ್ಯಾಕ್‌ಡೊನಾಲ್ಡ್ಸ್ ಎಂಬ ಪ್ರಸಿದ್ಧ ಆಹಾರದ ಕಂಪೆನಿಗೆ ಫೋನು ಮಾಡಿ, ನಿಮ್ಮ ಹೆಸರನ್ನು ನೀವೇಕೆ ನೋಂದಿಸಿಲ್ಲವೆಂದು ಕೇಳಿದನು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಗ ತಾನೇ ಆ ನಾಮವನ್ನು ನೋಂದಿಸಿಕೊಂಡು, ಈಗೇನು ಮಾಡಲೆಂದು ಪತ್ರಿಕೆಯಲ್ಲಿ ಬರೆದನು. ಕಡೆಗೆ ಕಂಪೆನಿಯು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಒಂದು ಶಾಲೆಯ ಇಂಟರ್ನೆಟ್ ಸಲಕರಣೆಗಾಗಿ 3,500 ಡಾಲರುಗಳನ್ನು ಕೊಟ್ಟು ತನ್ನ ಹೆಸರನ್ನು ತಾನು ಬಿಡಿಸಿಕೊಂಡಿತು. ಉಪಾಧ್ಯಾಯನಾಗಿದ್ದವನಿಗೆ ಈ ಕಥೆಯು ಪ್ರಿಯವಾಗುವುದು ಸಹಜ. 1995ರ ಸೆಪ್ಟೆಂಬರ್ 14ರಿಂದ ಎರಡು ವರ್ಷಗಳಿಗೆ 100 ಡಾಲರಿನಂತೆ ಶುಲ್ಕವು ಜಾರಿಗೆ ಬಂದಿತು. ಅಲ್ಲಿಂದ ಮುಂದೆ ನಾಮಗಳನ್ನು ಕೊಂಡು ಮಾರುವುದೇ ಒಂದು ಕಸುಬಾಯಿತು. ಬಿಸಿನೆಸ್.ಕಾಂ ಎಂಬ ನಾಮವು 1999ರಲ್ಲಿ 75 ಲಕ್ಷ ಡಾಲರಿಗೂ, ವಾಯ್ಸ್.ಕಾಂ ಎಂಬುದು 2019ರಲ್ಲಿ 3 ಕೋಟಿ ಡಾಲರಿಗೂ ಕ್ರಯವಾದುವು.

ಬೆಲೆಯಿರುವಲ್ಲಿ ಕಳ್ಳನು ಬರುವನಷ್ಟೆ. ಗ್ಯಾರಿ ಕ್ರೆಮನ್ ಎಂಬಾತನು 1994ರ ಮೇ ತಿಂಗಳಲ್ಲಿ ಒಂದು ನಾಮವನ್ನು ನೋಂದಿಸಿದ್ದನು. ಅದು ಸ್ತ್ರೀಪುರುಷ ಸಂಬಂಧವನ್ನು ಸೂಚಿಸುವ ಮೂರಕ್ಷರದ ಇಂಗ್ಲೀಷು ಪದಕ್ಕೆ .ಕಾಂ ಸೇರಿಸಿದುದು; ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಅದನ್ನು ಬರೆಯದೆಯೂ ಕಥೆಯು ನಡೆಯುವುದರಿಂದ ಬಿಟ್ಟಿದ್ದೇನೆ. ಸ್ಟೀಫನ್ ಕೋಹೆನ್ ಎಂಬ ಇನ್ನೊಬ್ಬನು ವಂಚನೆಗಾಗಿ ಸೆರೆಮನೆಯನ್ನು ಕಂಡು ಬಂದವನು. 1995ರ ಅಕ್ಟೋಬರಿನಲ್ಲಿ ಇವನು ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪೆನಿಗೆ ಒಂದು ಪತ್ರವನ್ನು ಕಳುಹಿಸಿದನು. ಕ್ರೆಮನ್ನನ ಕಂಪೆನಿಯವರು ತನಗೆ ಬರೆದರೆಂದು ಇವನೇ ಸೃಷ್ಟಿಸಿದ ಪತ್ರವದು. ಕ್ರೆಮನ್ನನನ್ನು ಕೆಲಸದಿಂದ ತೆಗೆದಿದ್ದೇವೆ, ಈ ನಾಮವನ್ನು ಬಿಟ್ಟುಬಿಡಲು ನಿಶ್ಚಯಿಸಿದ್ದೇವೆ, ನೀವು ತೆಗೆದುಕೊಳ್ಳಬಹುದು, ನಮಗೆ ಇಂಟರ್ನೆಟ್ಟಿನ ನೇರ ಸಂಪರ್ಕವಿಲ್ಲವಾದುದರಿಂದ ನೋಂದಣಿ ಕಚೇರಿಗೆ ನೀವೇ ತಿಳಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಆ ಕಂಪೆನಿಯ ಹೆಸರೋ ಆನ್‌ಲೈನ್ ಕ್ಲಾಸಿಫೈಡ್ಸ್. ಎಂದರೆ ಜಾಲದ ಮೇಲೆಯೇ ಜಾಹೀರಾತು ನಡೆಸುವವರು! ಜಾಲದ ಮೇಲಿನ ಕಂಪೆನಿಗೆ ಜಾಲದ ಸಂಪರ್ಕವಿಲ್ಲವೆಂಬ ಮಾತನ್ನು ಕಚೇರಿಯವರು ನಂಬಿದರು. ಕ್ರೆಮನ್ನನಿಗೆ ಒಂದು ಮಾತು ಕೇಳದೆ ನಾಮವನ್ನು ಕೋಹೆನ್ನನ ಖಾತೆಗೆ ತಿರುಗಿಸಿಬಿಟ್ಟರು. ಕ್ರೆಮನ್ನನು ಬಂದು ವಿಚಾರಿಸಿದಾಗ, ಆದುದಾಯಿತು, ಇನ್ನು ಬದಲಾಯಿಸಲಾಗದು ಎಂಬ ಉತ್ತರವು ಬಂದಿತು.

ದಾವೆಯು ವರ್ಷಗಟ್ಟಲೆ ನಡೆಯಿತು. 2000ದ ನವೆಂಬರಿನಲ್ಲಿ ಕೋರ್ಟು ನಾಮವನ್ನು ಕ್ರೆಮನ್ನನಿಗೆ ಮರಳಿ ಕೊಡಿಸಿತು. ಮುಂದಿನ ವರ್ಷ ಕೋಹೆನ್ನನು 6 ಕೋಟಿ 50 ಲಕ್ಷ ಡಾಲರುಗಳನ್ನು ತೆರಬೇಕೆಂದು ವಿಧಿಸಿತು. ಅಷ್ಟರಲ್ಲಿ ಅವನು ಹಣವನ್ನು ಹೊರದೇಶಗಳಿಗೆ ಸಾಗಿಸಿ, ತಾನೂ ಮೆಕ್ಸಿಕೋ ದೇಶಕ್ಕೆ ಓಡಿಹೋಗಿದ್ದನು. 2005ರವರೆಗೂ ಸೆರೆ ಸಿಕ್ಕಲಿಲ್ಲ. ಕಳ್ಳನಿಂದ ವಸೂಲಾಗದುದನ್ನು ಪುಸ್ತಕವಿಟ್ಟವರಿಂದ ಕೇಳಬಹುದೇ ಎಂಬುದು ಉಳಿದ ಪ್ರಶ್ನೆ. ಕರಾರಿನ ಆಧಾರದ ಮೇಲೆ ಕೇಳಲಾಗದೆಂದು ಕೋರ್ಟು ಹೇಳಿತು. ಏಕೆಂದರೆ ಕ್ರೆಮನ್ನನು ಒಂದು ಕಾಸನ್ನೂ ಕೊಟ್ಟಿರಲಿಲ್ಲ, ಪ್ರತಿಫಲವಿಲ್ಲದ ಕರಾರು ಕರಾರಲ್ಲ. ಆದರೆ 2003ರ ಜುಲೈ 25ರಂದು ಮೇಲ್ಮನವಿಯ ಕೋರ್ಟಿನ ನ್ಯಾಯಾಧೀಶನಾದ ಕೊಜಿನ್ಸ್ಕಿಯು ಕೊಟ್ಟ ತೀರ್ಪಿನಲ್ಲಿ ಹೊಸ ವಿಚಾರವೊಂದು ಬಂದಿತು. ಡೊಮೇನ್ ನಾಮವು ಸ್ವತ್ತೇ; ನೋಂದಣಿಯೆಂಬುದು ಭೂಮಿಯ ಹಕ್ಕಿನ ಕಚೇರಿಯಲ್ಲಿ ಒಂದು ತುಂಡು ನೆಲವನ್ನು ತನ್ನದೆಂದು ಬರೆಯಿಸಿಕೊಂಡಂತೆ; ಒಬ್ಬನ ಸ್ವತ್ತನ್ನು ಇನ್ನೊಬ್ಬನಿಗೆ ಎತ್ತಿಕೊಟ್ಟವನು ಮೋಸಹೋದೆನೆಂದು ಹೇಳಿ ಜಾರಿಕೊಳ್ಳಲಾಗದು ಎಂಬುದು ಅದರ ಸಾರಾಂಶ. ಮುಂದೆ ಕಂಪೆನಿಯು ಕ್ರೆಮನ್ನನೊಡನೆ ರಾಜಿಯಾಯಿತು.

ಈ ತೀರ್ಪನ್ನು ಓದುವಾಗ ನನಗೆ ನೆನಪಾಗುವವನು ವಿಜ್ಞಾನೇಶ್ವರ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ಈ ಮಹಾನುಭಾವನು ದಾಯವಿಭಾಗದ ಆದಿಯಲ್ಲಿಯೇ, ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ, ಲೋಕವ್ಯವಹಾರದಿಂದ ಸಿದ್ಧವಾದುದೋ ಎಂದು ದೀರ್ಘವಾಗಿ ವಿಚಾರಮಾಡಿ, ಲೌಕಿಕವೇ ಎಂದು ನಿರ್ಣಯಿಸುತ್ತಾನೆ. ಜನರು ಯಾವುದನ್ನು ಕೊಂಡು ಮಾರಿ ವ್ಯವಹರಿಸುತ್ತಾರೋ ಅದರಲ್ಲಿ ಸ್ವತ್ವವುಂಟು. ಕೊಜಿನ್ಸ್ಕಿಯ ಯುಕ್ತಿಯೂ ಬಹುಮಟ್ಟಿಗೆ ಇದೇ. ಗೌತಮನು ಹೇಳಿದ ಸ್ವತ್ವಹೇತುಗಳಲ್ಲಿ ಪರಿಗ್ರಹವೆಂಬುದೊಂದುಂಟು. ಮೊದಲು ಯಾರದೂ ಅಲ್ಲದ ಕಾಡಿನ ನೀರು, ಹುಲ್ಲು, ಕಟ್ಟಿಗೆಗಳನ್ನು ಮೊದಲು ಸ್ವೀಕರಿಸಿದವನಿಗೆ ಅವು ಸಲ್ಲುವುವು ಎಂದು ಮಿತಾಕ್ಷರಾಕಾರನ ವಿವರಣೆ. ಕ್ರೆಮನ್ನನು ಕಾಸು ಕೊಡದೆ ಪಡೆದುದು ಪರಿಗ್ರಹವೇ. ಸ್ವಾಮಿಯಲ್ಲದವನು ಮಾಡಿದ ವಿಕ್ರಯದಲ್ಲಿ ನಿಜವಾದ ಸ್ವಾಮಿಯು ತನ್ನ ವಸ್ತುವನ್ನು ಕಂಡಲ್ಲಿ ಹಿಡಿಯಬಹುದೆಂಬ ಅಸ್ವಾಮಿವಿಕ್ರಯ ಪ್ರಕರಣವಂತೂ ಈ ವ್ಯಾಜ್ಯಕ್ಕೆಂದೇ ಬರೆದಂತಿದೆ. ಹಳೆಯ ಶಾಸ್ತ್ರದಲ್ಲಿ ಹೊಸ ಯಂತ್ರಗಳೆಲ್ಲವೂ ಇದ್ದುವೆಂದು ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಯಂತ್ರವು ಹೊಸದಾದರೂ ಮನುಷ್ಯನ ವ್ಯಾಜ್ಯವು ಹಳೆಯದು ಎಂಬಷ್ಟೇ ನನ್ನ ಮಾತು.

ಆದರೆ ಈ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. 2000ದಲ್ಲಿಯೇ ವರ್ಜೀನಿಯಾ ಪ್ರಾಂತದ ಶ್ರೇಷ್ಠ ನ್ಯಾಯಾಲಯವು, ಸಾಲಗಾರನ ಡೊಮೇನ್ ನಾಮಗಳನ್ನು ಜಪ್ತಿಮಾಡಿ ಹರಾಜು ಹಾಕಿಸಬೇಕೆಂದು ಬಂದವರಿಗೆ, ನಾಮವು ಸೇವೆಯ ಕರಾರಿನಿಂದ ಹುಟ್ಟಿದುದು, ಆ ರೀತಿ ಜಪ್ತಿಗೆ ಸಿಕ್ಕದು ಎಂದು ಹೇಳಿದ್ದಿತು. ಸ್ವತ್ತೆಂದರೆ ಒಂದು ಕಡೆ ಸತ್ಯ, ಗೇಣಿಯೆಂದರೆ ಇನ್ನೊಂದು ಕಡೆ ಸತ್ಯ. ವ್ಯವಹಾರವನ್ನು ನೋಡಿದರೆ ಗೇಣಿಯ ಪಕ್ಷಕ್ಕೆ ಬಲ ಹೆಚ್ಚು. ಹತ್ತು ವರ್ಷಗಳಿಗಿಂತ ಹೆಚ್ಚಿನ ಅವಧಿಗೆ.ಕಾಂ ನಾಮವನ್ನು ಒಮ್ಮೆಗೆ ಯಾರೂ ಪಡೆಯಲಾರರು. ಶಾಶ್ವತವಾದ ಕ್ರಯವೆಂಬುದೇ ಇಲ್ಲಿಲ್ಲ. ನಾಮವನ್ನು ಕೊಂಡೆವೆಂದು ನಾವು ಹೇಳುವುದೆಲ್ಲ ಉಪಚಾರದ ಮಾತು.

ಇತ್ತ ಬುಡದ ಪುಸ್ತಕವು ಯಾರ ಕೈಯಲ್ಲಿರಬೇಕೆಂಬ ಜಗಳವೂ ಬೆಳೆಯಿತು. 1998ರ ಜನವರಿ 28ರಂದು ಪೋಸ್ಟೆಲನು, ಬುಡದ ಪುಸ್ತಕದ ಪ್ರತಿಗಳನ್ನು ಇಟ್ಟಿದ್ದವರಲ್ಲಿ ಎಂಟು ಮಂದಿಗೆ ಪತ್ರ ಬರೆದು, ಇನ್ನು ಮುಂದೆ ಮೂಲಪ್ರತಿಯನ್ನು ನನ್ನ ಕಂಪ್ಯೂಟರಿನಿಂದ ತೆಗೆದುಕೊಳ್ಳಿರಿ ಎಂದನು. ಅವರು ಹಾಗೆಯೇ ಮಾಡಿದರು! ಅಮೆರಿಕಾದ ಸರಕಾರವು ಬೆಚ್ಚಿ, ಹಿಂದಿನಂತೆಯೇ ನಡೆಯತಕ್ಕದ್ದೆಂದು ತಾಕೀತು ಮಾಡಿತು. ಪೋಸ್ಟೆಲನು ಅದೊಂದು ಪರೀಕ್ಷೆಯೆಂದು ಹೇಳಿ ಹಿಂತೆಗೆದನು. ಯಾವ ಪಟ್ಟವೂ ಇಲ್ಲದ ಒಬ್ಬ ವಿದ್ವಾಂಸನ ಮಾತಿಗೆ ಲೋಕದ ಪುಸ್ತಕವು ತಿರುಗಿತೆಂಬುದನ್ನು ಆಲೋಚಿಸಿದರೆ, ಆ ಕಾಲದವರೆಗೆ ಈ ವ್ಯವಸ್ಥೆಯು ಎಷ್ಟರಮಟ್ಟಿಗೆ ಪರಸ್ಪರ ವಿಶ್ವಾಸದ ಮೇಲೆ ನಿಂತಿದ್ದಿತೆಂಬುದು ಗೊತ್ತಾಗುವುದು. ಅದೇ ವರ್ಷದ ಸೆಪ್ಟೆಂಬರ್ 30ರಂದು ಐಕ್ಯಾನ್ ಎಂಬ ಲಾಭಾಪೇಕ್ಷೆಯಿಲ್ಲದ ಸಂಸ್ಥೆಯು ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿತವಾಯಿತು. ಅಕ್ಟೋಬರ್ 16ರಂದು ಪೋಸ್ಟೆಲನು ತೀರಿಕೊಂಡನು. ಆಗ ಅವನಿಗೆ ವಯಸ್ಸು 55.

ಐಕ್ಯಾನಿನ ಏರ್ಪಾಡಿನಲ್ಲಿ ಮೂರು ಮೆಟ್ಟಿಲುಗಳಿವೆ. ಒಂದೊಂದು ಕೊಂಬೆಗೂ ಮೂಲಪುಸ್ತಕವಿಡುವವನು ಒಬ್ಬ, ಅವನನ್ನು ರಿಜಿಸ್ಟ್ರಿ ಎನ್ನುವರು; ಜನರಿಂದ ಅರ್ಜಿ ಹಣಗಳನ್ನು ತೆಗೆದುಕೊಂಡು ಆ ಪುಸ್ತಕದಲ್ಲಿ ಬರೆಯಿಸುವವರು ರಿಜಿಸ್ಟ್ರಾರರು, ಇವರು 1999ರಿಂದ ಅನೇಕರಿದ್ದಾರೆ; ಕಡೆಗೆ ನಾಮವನ್ನು ಪಡೆಯುವ ನಾವು. ವರ್ಗಾವಣೆಯೆಂಬ ಒಂದೇ ಮಾತಿನಲ್ಲಿ ಎರಡು ಬೇರೆಬೇರೆ ಕಾರ್ಯಗಳು ಅಡಗಿವೆ. ಒಬ್ಬ ರಿಜಿಸ್ಟ್ರಾರನನ್ನು ಬಿಟ್ಟು ಇನ್ನೊಬ್ಬನಲ್ಲಿಗೆ ಹೋಗುವುದು ಒಂದು. ಇಲ್ಲಿ ಕಚೇರಿ ಬದಲಾದರೂ ಖಾತೆದಾರನು ಅವನೇ. ನಾಮವನ್ನೇ ಮಾರಿ ಖಾತೆದಾರನ ಹೆಸರನ್ನು ಬದಲಾಯಿಸುವುದು ಇನ್ನೊಂದು. ಮೊದಲನೆಯದಕ್ಕೆ ನಾಮದ ಬೀಗವನ್ನು ತೆಗೆಯಿಸಿ, ಹಳೆಯ ರಿಜಿಸ್ಟ್ರಾರನಿಂದ ಒಂದು ಗುಪ್ತಸಂಕೇತವನ್ನು ಪಡೆದು ಹೊಸಬನಿಗೆ ಕೊಡಬೇಕು. ಎರಡನೆಯದರಲ್ಲಿ ಹಣ ಮೊದಲೋ ನಾಮ ಮೊದಲೋ ಎಂಬ ಶಂಕೆಯಿರುವುದರಿಂದ, ದೊಡ್ಡ ಕ್ರಯಗಳಲ್ಲಿ ಮಧ್ಯಸ್ಥನೊಬ್ಬನು ಹಣವನ್ನು ಹಿಡಿದುಕೊಂಡು, ಖಾತೆ ಬದಲಾದುದನ್ನು ಕಂಡಮೇಲೆ ಮಾರಿದವನಿಗೆ ಸಲ್ಲಿಸುವನು. ಈ ಎಲ್ಲ ಕಾರ್ಯಗಳಿಗೂ ಕೀಲಿಕೈಯೊಂದೇ: ಖಾತೆಯಲ್ಲಿ ಬರೆಯಿಸಿದ ಈಮೈಲ್ ವಿಳಾಸ. ಅದು ಯಾರ ಕೈಯಲ್ಲಿದೆಯೋ ನಾಮವು ಬಹುಮಟ್ಟಿಗೆ ಅವನ ಕೈಯಲ್ಲಿದೆ. ನೆರೆಯ ಜಿಲ್ಲೆಯ ಹಳೆಯ ವಿದ್ಯಾರ್ಥಿಗಳ ಸಂಘವೊಂದು ತನ್ನ ನಾಮವನ್ನು ನೋಂದಿಸುವ ಕೆಲಸವನ್ನು ಉತ್ಸಾಹಿಯಾದ ತರುಣನೊಬ್ಬನಿಗೆ ವಹಿಸಿದ್ದಿತು. ಅವನು ತನ್ನ ಸ್ವಂತ ಹೆಸರಿನಲ್ಲಿ, ತನ್ನ ವಿಳಾಸದಲ್ಲಿ ಖಾತೆಯನ್ನು ಮಾಡಿಸಿ, ತರುವಾಯ ಉದ್ಯೋಗಕ್ಕಾಗಿ ಹೊರದೇಶಕ್ಕೆ ಹೋದನು. ದುರುದ್ದೇಶವೇನೂ ಇರಲಿಲ್ಲ. ಅವಧಿ ತೀರಿದಾಗ ಎಚ್ಚರಿಕೆಯ ಪತ್ರಗಳೆಲ್ಲವೂ ಅವನು ಬಿಟ್ಟುಬಿಟ್ಟಿದ್ದ ವಿಳಾಸಕ್ಕೆ ಹೋದುವು. ಈಗ ಆ ನಾಮವನ್ನು ಬರೆದರೆ ಯಾವುದೋ ಜೂಜಿನ ಜಾಹೀರಾತು ಕಾಣುವುದು.

ಅವಧಿ ತೀರಿದ ಕೂಡಲೆ ನಾಮವು ಅನ್ಯರಿಗೆ ಹೋಗುವುದಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. .ಕಾಂ, .ಆರ್ಗ್ ಮೊದಲಾದುವುಗಳಲ್ಲಿ ಮೊದಲು ಕೆಲವು ವಾರಗಳ ರಿಯಾಯಿತಿ. ಅನಂತರ ಅಳಿಸಿದ ಮೇಲೆಯೂ 30 ದಿನಗಳ ವಿಮೋಚನಾವಧಿ, ಆಗ ದಂಡದೊಡನೆ ಬಿಡಿಸಿಕೊಳ್ಳಬಹುದು. ಮತ್ತೆ ಐದು ದಿನ ಕಳೆದ ಮೇಲೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆದರೆ ರಿಯಾಯಿತಿಯ ಕಾಲದಲ್ಲಿಯೇ ಕೆಲವು ರಿಜಿಸ್ಟ್ರಾರರು ಒಳ್ಳೆಯ ನಾಮಗಳನ್ನು ಹರಾಜಿಗಿಡುವುದುಂಟು. ಇನ್ನು, ಬೀಳುವ ನಾಮಗಳಿಗಾಗಿ ಕಾದಿದ್ದು ಆ ಕ್ಷಣದಲ್ಲಿಯೇ ಹಿಡಿಯುವ ಯಂತ್ರಗಳಿವೆ. ಜೂಜಿನವನು ಬಂದುದು ಈ ದಾರಿಯಿಂದ.

ಮರೆವು ಬಡವರ ಸೊತ್ತು ಮಾತ್ರವಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಎಂಬವರು ಜತೆಗಾರನೊಡನೆ 1996ರಲ್ಲಿ ಸ್ಥಾಪಿಸಿದ ಹಾಟ್‌ಮೇಲನ್ನು ಮರುವರ್ಷವೇ ಮೈಕ್ರೋಸಾಫ್ಟ್ ಕಂಪೆನಿಯು ಕೊಂಡಿದ್ದಿತು. ಅದರೊಳಕ್ಕೆ ಪ್ರವೇಶಿಸುವ ಬಾಗಿಲು ಪಾಸ್‌ಪೋರ್ಟ್.ಕಾಂ ಎಂಬ ನಾಮ. 1999ರ ಕ್ರಿಸ್ಮಸ್ ಹಬ್ಬದ ಸಮಯದಲ್ಲಿ ಆ ನಾಮದ 35 ಡಾಲರು ವಾರ್ಷಿಕ ಶುಲ್ಕವನ್ನು ಕಟ್ಟಲು ಕಂಪೆನಿಯು ಮರೆತು, ಜನರಿಗೆ ತಮ್ಮ ಪತ್ರಗಳು ಸಿಕ್ಕದಂತಾಯಿತು. ಟೆನೆಸಿ ಪ್ರಾಂತದ ಒಬ್ಬ ಪ್ರೋಗ್ರಾಮರು ಕಾರಣವನ್ನು ಕಂಡುಹಿಡಿದು, ತನ್ನ ಜೇಬಿನಿಂದಲೇ ಹಣವನ್ನು ಕಟ್ಟಿ ಬಾಗಿಲನ್ನು ತೆರೆಯಿಸಿದನು. 2015ರ ಸೆಪ್ಟೆಂಬರಿನಲ್ಲಿ ಇದಕ್ಕಿಂತ ವಿಚಿತ್ರವಾದುದು ನಡೆಯಿತು. ಗುಜರಾತಿನ ಕಚ್ಛದವನೊಬ್ಬನು, ಗೂಗಲ್ ಕಂಪೆನಿಯೇ ಆಗ ನಡೆಸುತ್ತಿದ್ದ ನಾಮಗಳ ಅಂಗಡಿಯಲ್ಲಿ ಹುಡುಕುತ್ತಿರುವಾಗ, ಗೂಗಲ್.ಕಾಂ ಎಂಬುದೇ 12 ಡಾಲರಿಗೆ ದೊರೆಯುವುದೆಂದು ಕಂಡಿತು. ಹಣ ಕೊಟ್ಟನು, ಸುಮಾರು ಒಂದು ನಿಮಿಷ ಅದರ ಖಾತೆದಾರನಾಗಿದ್ದನು, ಕಂಪೆನಿಯು ವ್ಯಾಪಾರವನ್ನು ರದ್ದುಮಾಡಿ, 6,006.13 ಡಾಲರುಗಳನ್ನು ಬಹುಮಾನವಾಗಿ ಕೊಟ್ಟಿತು. ಆ ಅಂಕಗಳನ್ನು ಓರೆಗಣ್ಣಿನಿಂದ ನೋಡಿದರೆ ರೋಮನ್ ಲಿಪಿಯಲ್ಲಿ ಗೂಗಲ್ ಎಂಬ ಹೆಸರೇ ಕಾಣುವುದಂತೆ. ಹಣವನ್ನು ಆತನು ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯ ವಿದ್ಯಾಕಾರ್ಯಕ್ಕೆ ಕೊಡಿಸಲು, ಕಂಪೆನಿಯು ಮೊತ್ತವನ್ನು ಇಮ್ಮಡಿಸಿತು.

ನಮ್ಮ ದೇಶದ .ಇನ್ ಎಂಬ ಕೊಂಬೆಯನ್ನು 1989ರಲ್ಲಿ ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರಕ್ಕೆ ಪೋಸ್ಟೆಲನ ಕಚೇರಿಯು ವಹಿಸಿದ್ದಿತು. ನಿಯಮಗಳು ಬಿಗಿಯಾಗಿದ್ದುದರಿಂದ 2004ರವರೆಗೆ ಸುಮಾರು 7,000 ನಾಮಗಳು ಮಾತ್ರ ನೋಂದಣಿಯಾದುವು. 2005ರ ಆದಿಯಲ್ಲಿ ನಿಕ್ಸಿ ಎಂಬ ಸಂಸ್ಥೆಯ ಮೂಲಕ ಸರ್ವರಿಗೂ ಬಾಗಿಲನ್ನು ತೆರೆದರು. ಕನ್ನಡ ಲಿಪಿಯಲ್ಲಿಯೇ .ಭಾರತ ಎಂದು ಬರೆಯುವ ಕೊಂಬೆಯೂ ತರುವಾಯ ಬಂದಿದೆ. ಬುಡದ ಪುಸ್ತಕದಲ್ಲಿ ಮಾತ್ರ ಅದು ರೋಮನ್ ಅಕ್ಷರಗಳೂ ಅಂಕಗಳೂ ಬೆರೆತ ಒಂದು ಗೂಢಲಿಪಿಯ ವೇಷದಲ್ಲಿರುವುದು.

ಸ್ವತ್ವದ ಪ್ರಶ್ನೆಯು ಭಾರತದ ಸುಪ್ರೀಂ ಕೋರ್ಟಿಗೆ ಹೋದುದು ಬೆಂಗಳೂರಿನಿಂದ. ಸತ್ಯಂ ಇನ್ಫೋವೇ ಕಂಪೆನಿಯು ತನ್ನ ಹೆಸರಿನ ಅಕ್ಷರಗಳನ್ನು ಕೂಡಿಸಿ ಸಿಫಿ ಎಂಬ ಪದವನ್ನು ಕಟ್ಟಿ, 1999ರಲ್ಲಿ ಸಿಫಿನೆಟ್.ಕಾಂ ಮೊದಲಾದ ನಾಮಗಳನ್ನು ನೋಂದಿಸಿದ್ದಿತು. ಎರಡು ವರ್ಷಗಳ ಮೇಲೆ ಇನ್ನೊಂದು ಕಂಪೆನಿಯು ಅದೇ ಪದವನ್ನು ಒಂದಕ್ಷರದ ದ್ವಿತ್ವದಿಂದ ಬರೆದು ನಾಮಗಳನ್ನು ಪಡೆಯಿತು. ಅದು ತಮ್ಮ ಐವರು ಸ್ಥಾಪಕರ ಹೆಸರುಗಳ ಮೊದಲಕ್ಷರಗಳಿಂದಾದ ಪದವೆಂದು ಅವರ ಸಮಾಧಾನ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟು ತಡೆಯಾಜ್ಞೆಯನ್ನು ಕೊಟ್ಟಿತು. ಕರ್ನಾಟಕದ ಹೈಕೋರ್ಟು, ಇಬ್ಬರ ವ್ಯಾಪಾರಗಳೂ ಬೇರೆ, ತಡೆಯಿಂದ ಎರಡನೆಯವರಿಗೇ ಹೆಚ್ಚು ನಷ್ಟ ಎಂದು ಅದನ್ನು ತೆಗೆದುಹಾಕಿತು. 2004ರ ಮೇ 6ರಂದು ಸುಪ್ರೀಂ ಕೋರ್ಟು ಮೊದಲಿನ ಆಜ್ಞೆಯನ್ನೇ ಎತ್ತಿಹಿಡಿಯಿತು. ಡೊಮೇನ್ ನಾಮಗಳಿಗೆಂದು ನಮ್ಮಲ್ಲಿ ಪ್ರತ್ಯೇಕ ಶಾಸನವಿಲ್ಲ. ಆದರೂ ನಾಮವು ಬರಿಯ ವಿಳಾಸವಾಗಿ ಉಳಿದಿಲ್ಲ, ವ್ಯಾಪಾರದ ಗುರುತೂ ಆಗಿದೆ. ಒಬ್ಬನ ಸರಕನ್ನು ಇನ್ನೊಬ್ಬನದೆಂದು ತೋರಿಸಿ ಮಾರುವುದನ್ನು ತಡೆಯುವ ಹಳೆಯ ನ್ಯಾಯವೇ ಇಲ್ಲಿಗೂ ಸಲ್ಲುವುದು ಎಂಬುದು ಆ ತೀರ್ಪು. ಮಿತಾಕ್ಷರಾಕಾರನ ನಾಡಿನಿಂದ ಹೊರಟ ದಾವೆಯಲ್ಲಿ ಲೌಕಿಕ ಸ್ವತ್ವಪಕ್ಷವೇ ಗೆದ್ದುದು ನನಗೆ ಸಂತೋಷದ ಸಂಗತಿ.

ನಾಮ ಹಿಡಿದವನ ಮಾತಾಯಿತು, ಪುಸ್ತಕವನ್ನೇ ಮಾರಬಹುದೇ? ಈ ಪ್ರಶ್ನೆಯು ಬಂದುದು ಇತ್ತೀಚೆಗೆ. ಸಂಘಸಂಸ್ಥೆಗಳು ವಿಶೇಷವಾಗಿ ಆಶ್ರಯಿಸಿರುವ .ಆರ್ಗ್ ಪುಸ್ತಕವನ್ನು 2003ರಿಂದ ಲಾಭಾಪೇಕ್ಷೆಯಿಲ್ಲದ ಪಬ್ಲಿಕ್ ಇಂಟರೆಸ್ಟ್ ರಿಜಿಸ್ಟ್ರಿ ಎಂಬ ಸಂಸ್ಥೆಯು ಇಟ್ಟುಕೊಂಡಿದೆ. ಅದರಲ್ಲಿ ಸುಮಾರು ಒಂದು ಕೋಟಿ ನಾಮಗಳುಂಟು. 2019ರ ಜೂನಿನಲ್ಲಿ ಐಕ್ಯಾನ್ ಆ ನಾಮಗಳ ದರಕ್ಕಿದ್ದ ಮಿತಿಯನ್ನು ತೆಗೆದುಹಾಕಿತು. ಅದೇ ವರ್ಷದ ನವೆಂಬರಿನಲ್ಲಿ, ರಿಜಿಸ್ಟ್ರಿಯ ಒಡೆತನವನ್ನು ಹೊಂದಿದ್ದ ಇಂಟರ್ನೆಟ್ ಸೊಸೈಟಿಯು ಅದನ್ನು ಎಥೋಸ್ ಕ್ಯಾಪಿಟಲ್ ಎಂಬ ಖಾಸಗಿ ಬಂಡವಾಳದ ಕಂಪೆನಿಗೆ 113 ಕೋಟಿ 50 ಲಕ್ಷ ಡಾಲರುಗಳಿಗೆ ಮಾರುವೆನೆಂದು ಪ್ರಕಟಿಸಿತು. ದೇವಸ್ಥಾನದ ಧರ್ಮದರ್ಶಿಗಳು ಭಕ್ತರ ಪಟ್ಟಿಯೊಡನೆ ಹುಂಡಿಯನ್ನು ಸಾಹುಕಾರನಿಗೆ ಕ್ರಯಕ್ಕೆ ಕೊಟ್ಟಂತೆ ಇದು ಅನೇಕರಿಗೆ ಕಂಡಿತು. ಐಕ್ಯಾನಿನ ಮೊದಲನೆಯ ಅಧ್ಯಕ್ಷೆಯಾಗಿದ್ದ ಎಸ್ತರ್ ಡೈಸನ್ನಳೂ ವಿರೋಧಿಸಿದವರಲ್ಲಿ ಒಬ್ಬಳು. ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲನು ಐಕ್ಯಾನಿಗೆ ಪತ್ರ ಬರೆದು ಸಮ್ಮತಿಸಬೇಡಿರೆಂದನು. 2020ರ ಏಪ್ರಿಲ್ 30ರಂದು ಐಕ್ಯಾನಿನ ಆಡಳಿತ ಮಂಡಲಿಯು ಸಮ್ಮತಿಯನ್ನು ನಿರಾಕರಿಸಿತು, ಮಾರಾಟವು ನಿಂತಿತು. ದರದ ಮಿತಿಯನ್ನು ತೆಗೆದ ತೀರ್ಮಾನದ ಮೇಲೆ ರಿಜಿಸ್ಟ್ರಾರನೊಬ್ಬನು ಹೂಡಿದ ವಿವಾದವು ಇನ್ನೂ ಎರಡು ವರ್ಷ ನಡೆದು, 2022ರ ಡಿಸೆಂಬರಿನಲ್ಲಿ ಪಂಚಾಯಿತರು, ಐಕ್ಯಾನ್ ಆ ತೀರ್ಮಾನವನ್ನು ಕೈಕೊಂಡ ರೀತಿಯು ಅದರ ಸ್ವಂತ ನಿಯಮಾವಳಿಗೇ ವಿರುದ್ಧವಾಗಿದ್ದಿತೆಂದು ಹೇಳಿದರು.